ಏಳನೆಯ ಯಂತ್ರಕ್ಕೆ ಕರೆ

"ಗುರುಗಳೇ, ತಂಗಿಯ ಗುರುತುಗಳನ್ನೆಲ್ಲ ಮನೆಯಿಂದ ತೆಗೆದುಬಿಟ್ಟೆ. ಸೀರೆ ಹಂಚಿದೆ, ಫೋಟೋ ಕಟ್ಟಿಟ್ಟೆ, ಫೋನಿನಿಂದ ಅವಳ ನಂಬರನ್ನೂ ಅಳಿಸಿದೆ. ಆದರೂ ಸಂಜೆ ಚಹಾ ಸೋಸುವಾಗ 'ವನೂ, ಬಾರೇ' ಅಂತ ಕೂಗಲು ಬಾಯಿ ತೆರೆಯುತ್ತೇನೆ. ಇನ್ನು ಏನನ್ನು ತೆಗೆಯಲಿ?" ಎಂದು ಮಂದಾಕಿನಿ ಕೇಳಿದಳು.

ವನಜಾ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕತಂಗಿಯರಿಬ್ಬರೇ ಇದ್ದ ಮನೆ ಅದು.

ಗುರುಗಳು ಪೂರ್ವಾಶ್ರಮದಲ್ಲಿ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಮೇಷ್ಟ್ರು. ಹಗ್ಗ, ಹಾವಿನ ದೃಷ್ಟಾಂತಗಳು ಅವರಿಗೆ ಅಷ್ಟಾಗಿ ಒಗ್ಗುತ್ತಿರಲಿಲ್ಲ. ಯಂತ್ರದ ಕತೆಯೇ ಬರುತ್ತದೆ ಎಂದು ಮಂದಾಕಿನಿ ಕಾಲು ಮಡಚಿ ಸರಿಯಾಗಿ ಕುಳಿತಳು. ಅದೇ ಬಂತು.

ಒಂದು ಕಚೇರಿಯಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದವು. ಹನ್ನೆರಡೂ ಕೂಡಿ ಒಂದೇ ಕೆಲಸ ಮಾಡುತ್ತಿದ್ದವು, ಊರೂರಿನ ಬಸ್ಸುಗಳಿಗೆ ಸೀಟು ಕಾದಿರಿಸುವ ಕೆಲಸ. ಪ್ರತಿಯೊಂದೂ ತಾನು ಮಾಡಿದ್ದನ್ನು ಸಾಲು ಸಾಲಾಗಿ ಬರೆದಿಡುತ್ತಿತ್ತು. ಆ ಬರಹಕ್ಕೆ ಲಾಗ್ ಎನ್ನುತ್ತಾರೆ. ಅವನ್ನೆಲ್ಲ ಒಂದೆಡೆ ಸೇರಿಸಿ, ಹಳೆಯದನ್ನು ಅಳಿಸಿ, ಹೊಸದಕ್ಕೆ ಜಾಗ ಮಾಡಲು ಒಬ್ಬ ಹೆಂಗಸಿದ್ದಳು. ಅಳಿಸುವುದರಲ್ಲಿ ಅವಳ ಕೈ ಬಲು ಚುರುಕು.

ಏಳನೆಯ ಯಂತ್ರಕ್ಕೆ ವಯಸ್ಸಾಯಿತು. ಒಂದು ದಿನ ಅದನ್ನು ಕಳಚಿ ಹೊತ್ತುಕೊಂಡು ಹೋದರು. ಮರುದಿನದಿಂದ ಮೂರನೆಯ ಯಂತ್ರದ ಲಾಗ್ ಉಬ್ಬತೊಡಗಿತು. ಅವಳು ಅಳಿಸಿದಳು. ಮಾರನೆಯ ದಿನ ಮತ್ತೆ ಅಷ್ಟೇ ತುಂಬಿತ್ತು. ಮತ್ತೆ ಅಳಿಸಿದಳು. ಕೊನೆಗೊಮ್ಮೆ ಜಾಗವೆಲ್ಲ ತುಂಬಿ ಟಿಕೆಟ್ಟೇ ನಿಂತುಹೋಯಿತು. ಕೌಂಟರುಗಳಲ್ಲಿ ಜನ ಕೂಗಾಡಿದರು.

ಮೇಲಧಿಕಾರಿ ಬಂದ. "ಏನಮ್ಮಾ, ಮೂರನೇದು ಅಷ್ಟೊಂದು ಏನು ಬರೀತಿದೆ? ಕಾದಂಬರಿನಾ?"

"ಓದಿಲ್ಲ ಸಾರ್. ಅಳಿಸೋಕೇ ಹೊತ್ತು ಸಾಲದು," ಎಂದಳು ಅವಳು.

ಅಂದೇ ಅವಳು ಒಂದು ಉಪಾಯ ಮಾಡಿದಳು. ಮೂರನೆಯದು ಏನನ್ನೂ ಬರೆಯದಂತೆ ಅದರ ಬಾಯಿ ಕಟ್ಟಿದಳು. ಲಾಗ್ ಖಾಲಿಯಾಯಿತು. ಟಿಕೆಟ್ಟುಗಳು ಮತ್ತೆ ಹೊರಟವು, ಆದರೆ ಆಮೆಯ ಹಾಗೆ. ಸಾಲಿನಲ್ಲಿ ನಿಂತವರ ಬಸ್ಸುಗಳು ಅವರೆದುರೇ ಹೊರಟುಹೋಗುತ್ತಿದ್ದವು. ವಾರ ಕಳೆದರೂ ಕಾರಣ ತಿಳಿಯಲಿಲ್ಲ. ಹೇಳಬೇಕಾದದ್ದರ ಬಾಯಿಯನ್ನೇ ಅವಳು ಕಟ್ಟಿದ್ದಳಲ್ಲ.

ಸೋತು, ಕಟ್ಟು ಬಿಚ್ಚಿದಳು. ಮೊದಲ ಸಲ ಕುಳಿತು ಓದಿದಳು. ಇದ್ದದ್ದು ಒಂದೇ ಸಾಲು, ಸಾವಿರಾರು ಸಲ. 'ಏಳನೆಯದನ್ನು ಕರೆದೆ. ಉತ್ತರವಿಲ್ಲ. ಮತ್ತೆ ಕರೆಯುತ್ತೇನೆ.'

ಇಲ್ಲಿಗೆ ಬಂದಾಗ ಮಂದಾಕಿನಿ ತಲೆ ತಗ್ಗಿಸಿದಳು. ಗುರುಗಳು ಅದನ್ನು ನೋಡದವರಂತೆ ಮುಂದುವರಿಸಿದರು.

ಮೂರನೆಯದರ ರೂಢಿ ಅದು. ಯಾರು ಟಿಕೆಟ್ ಕೇಳಿದರೂ ಮೊದಲು ಏಳನೆಯದನ್ನು ಒಂದು ಮಾತು ಕೇಳುವುದು, ಆಮೇಲೆ ಮುಂದಿನ ಕೆಲಸ. ಏಳನೆಯದನ್ನು ಹೊತ್ತೊಯ್ದವರು ಮೂರನೆಯದಕ್ಕೆ ಹೇಳಿರಲಿಲ್ಲ. ಅದರ ಜೊತೆಗಾರರ ಪಟ್ಟಿಯಲ್ಲಿ ಆ ಹೆಸರು ಹಾಗೆಯೇ ಇತ್ತು. ಅದು ಕರೆಯುತ್ತಿತ್ತು, ಕಾಯುತ್ತಿತ್ತು, ಮತ್ತೆ ಕರೆಯುತ್ತಿತ್ತು. ಬಾಯಿ ಕಟ್ಟಿದಾಗಲೂ ಕರೆಯುವುದನ್ನು ಬಿಟ್ಟಿರಲಿಲ್ಲ, ಬರೆಯುವುದನ್ನು ಮಾತ್ರ ಬಿಟ್ಟಿತ್ತು.

ಆ ಹೆಂಗಸು ಪಟ್ಟಿ ತೆರೆದಳು. ಅಷ್ಟು ಚುರುಕಿನ ಬೆರಳು ಆ ಒಂದು ಹೆಸರಿನ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಅಳಿಸಿತು. ಮೂರನೆಯದು ಪಟ್ಟಿಯಲ್ಲಿ ಮುಂದಿದ್ದ ಎಂಟನೆಯದನ್ನು ಕೇಳಿತು, ಎಂಟನೆಯದು ಉತ್ತರ ಕೊಟ್ಟಿತು. ಟಿಕೆಟ್ಟುಗಳು ಮೊದಲಿನ ಹಾಗೆ ಹೊರಟವು. ಅಂದಿನ ಲಾಗ್ ಅರ್ಧ ಪುಟವೂ ಆಗಲಿಲ್ಲ.

ಗುರುಗಳು ನಿಲ್ಲಿಸಿದರು.

ತೆಗೆಯಲು ಇನ್ನೇನು ಉಳಿದಿದೆ ಎಂದು ಕೇಳಿದವಳು ಮಂದಾಕಿನಿಯೇ. ಉತ್ತರ ಈಗ ಎದುರಿಗೇ ಇತ್ತು. ಅದು ಅವಳಿಗೆ ಬೇಡವಾಗಿತ್ತು.

"ಹಾಗಾದರೆ ಅವಳ ಹೆಸರನ್ನೂ ಅಳಿಸಿಬಿಡು ಅಂತೀರಾ?" ಎಂದಳು. ಅವಳ ದನಿಯಲ್ಲಿ ಜಗಳವಿತ್ತು.

ಗುರುಗಳು ಹೇಳಿದರು: "ಆ ಯಂತ್ರ ಏಳನೆಯದು ಇಲ್ಲವೆಂದು ಗೊತ್ತಿಲ್ಲದೆ ಕರೆಯುತ್ತಿತ್ತು ತಾಯಿ, ಸರಿಮಾಡಬೇಕಾಯಿತು, ನೀನು ಗೊತ್ತಿದ್ದೂ ಕರೆಯುತ್ತೀಯ, ನಿನ್ನಲ್ಲಿ ಏನೋ ಕೆಟ್ಟಿದೆ ಅಂತ ನಿನಗೆ ಹೇಳಿದವರು ಯಾರು?"