ಕೊಕ್ಕರೆಯ ಸ್ಟುಡಿಯೋ, ಗೋಸುಂಬೆಯ ಬಾಡಿಗೆ

ಕೆರೆ ದಂಡೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಕೊಕ್ಕರೆಗೆ ತನ್ನ ಸಾಫ್ಟ್‌ವೇರಿನ ಮೇಲೆ ಬಲು ಜಂಬ. ಫೋಟೋ ತಿದ್ದುವ ಆ ಸಾಫ್ಟ್‌ವೇರನ್ನು ಅದು ಗೋಸುಂಬೆಯಿಂದ ಬಾಡಿಗೆಗೆ ತಂದಿತ್ತು. ಅದರಲ್ಲಿ ನೂರು ಬಣ್ಣ. ಬಾಡಿಗೆ ತಿಂಗಳಿಗೆ ಹತ್ತು ಮಿಡತೆ.

ಒಂದು ದಿನ ಎಮ್ಮೆಯ ಮಗಳ ಫೋಟೋ ಮಧ್ಯಾಹ್ನದೊಳಗೆ ಗಂಡಿನ ಮನೆಗೆ ಹೋಗಬೇಕಿತ್ತು. ಹೆಣ್ಣಿನ ಫೋಟೋ ಎಂದರೆ ಬೆಳ್ಳಗಿರಬೇಕೆಂದು ಕೊಕ್ಕರೆ ತಾನೇ ತೀರ್ಮಾನಿಸಿ, ಎಡಗೆನ್ನೆಯನ್ನು ಹಾಲಿನ ಬಣ್ಣಕ್ಕೆ ತಂದಿತು. ಬಲಗೆನ್ನೆಗೆ ಬರುವಷ್ಟರಲ್ಲಿ ಸಾಫ್ಟ್‌ವೇರ್ ನಿಂತುಹೋಯಿತು.

“ತಿಂಗಳು ಮುಗಿಯಿತು, ಮಿಡತೆ ಇಡಿ,” ಎಂದು ಗೋಸುಂಬೆ ಕಿಟಕಿಯಲ್ಲಿ ಇಣುಕಿತು.

“ಒಂಬತ್ತಿವೆ. ಇನ್ನೊಂದು ನಾಳೆ ಕೊಡುತ್ತೇನೆ. ಅರ್ಧ ಮುಖ ಉಳಿದಿದೆ ಮಾರಾಯ!”

“ಹಾಗಾದರೆ ಆ ಅರ್ಧವೂ ನಾಳೆಯೇ.”

ಅಷ್ಟರಲ್ಲಿ ಒಳಗೆ ಬಂದ ಎಮ್ಮೆ ಫೋಟೋ ನೋಡಿ ಬುಸುಗುಟ್ಟಿತು: “ನನ್ನ ಮಗಳೇನು ಅರ್ಧ ಹಸುವೇನ್ರೀ?”

ಕೊಕ್ಕರೆ ಎದ್ದೆನೋ ಬಿದ್ದೆನೋ ಎಂದು ಸಾಫ್ಟ್‌ವೇರ್ ಮಾರುವ ಆಮೆಯ ಅಂಗಡಿಗೆ ಓಡಿತು.

“ನನ್ನದರಲ್ಲಿ ಬೆಳಕು ಹೆಚ್ಚಿಸಬಹುದು, ಅಂಚು ಕತ್ತರಿಸಬಹುದು, ಅಷ್ಟೇ,” ಎಂದಿತು ಆಮೆ. “ಒಂದೇ ಸಲ ಎರಡು ಮೀನು ಕೊಡಿ, ನೀವಿರುವವರೆಗೂ ನಿಮ್ಮದೇ.”

ಕೊಕ್ಕರೆ ಅದನ್ನು ಕೊಂಡು ತಂದು, ಬಣ್ಣ ಹಚ್ಚದ ಮೂಲ ಫೋಟೋಗೆ ಬೆಳಕನ್ನಷ್ಟೇ ಹೆಚ್ಚಿಸಿ ಕಳಿಸಿತು. ಮದುವೆಗೆ ನಿಂತಿದ್ದ ಕೋಣ, “ಎಂಥ ಮಿರಿಮಿರಿ ಕಪ್ಪು!” ಎಂದು ಒಪ್ಪಿಕೊಂಡೇಬಿಟ್ಟಿತು.

ಮರುದಿನ ಗೋಸುಂಬೆ ಬಂದು, “ಇನ್ನೂರು ಬಣ್ಣ ಕೊಡುತ್ತೇನೆ, ಒಂಬತ್ತೇ ಸಾಕು,” ಎಂದಿತು.

“ಹುಡುಗಿಗೆ ಬೇಕಿದ್ದದ್ದು ಒಂದೇ ಬಣ್ಣ. ಅದನ್ನು ಅವಳು ಹುಟ್ಟುವಾಗಲೇ ತಂದಿದ್ದಳು,” ಎಂದ ಕೊಕ್ಕರೆ, ಎತ್ತಿಟ್ಟಿದ್ದ ಒಂಬತ್ತು ಮಿಡತೆಗಳನ್ನೂ ಅದರ ಕಣ್ಣೆದುರೇ ಒಂದೊಂದಾಗಿ ನುಂಗಿತು.