ಕಂಚುಗಾರನ ಬೆರಳು

ಗೌರಾಂಬ ಮಠದ ಗುರುಗಳ ಎದುರು ಕುಳಿತು ಕೇಳಿದಳು: “ಗುರುಗಳೇ, ನನ್ನ ಮಗ ಮೃದಂಗ ಕಲಿಯುತ್ತಿದ್ದಾನೆ. ಮೂರು ವರ್ಷದಿಂದ ದಿನವೂ ಅವನ ಪಕ್ಕದಲ್ಲಿ ಕುಳಿತು ತಾಳ ಹಾಕುತ್ತಿದ್ದೇನೆ. ಎರಡನೇ ಕಾಲದ ವೇಗಕ್ಕೆ ಬಂದರೆ ತಾಳ ಮೀರಿ ಓಡುತ್ತಾನೆ. ಎಡಗೈ ಸೋಮಾರಿ. ಮುಕ್ತಾಯದಲ್ಲಿ ಯಾವಾಗಲೂ ಅರ್ಧ ಅಕ್ಷರ ಮುಂದಾಗುತ್ತಾನೆ. ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳಿ ಕೇಳಿ ಅವನಿಗೂ ಸಾಕಾಗಿದೆ. ಹೆತ್ತವರು ಇನ್ನೂ ಏನು ಮಾಡಬೇಕು?”

ಗುರುಗಳಿಗೂ ಅಂದು ದಣಿವಾಗಿತ್ತು. ಗೋಡೆಗೆ ಒರಗಿ ಒಂದು ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಬಟ್ಟಲು, ತಟ್ಟೆ, ಗಂಟೆ ಮಾಡುವುದು ಅವನ ಕಸುಬು. ಮಾಡಿದ ಪ್ರತಿ ಪಾತ್ರೆಯನ್ನೂ ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದು, ಕಿವಿಗೊಟ್ಟು ಕೇಳುತ್ತಿದ್ದ. ದನಿ ತುಂಬಿ ಬಂದರೆ ಅದನ್ನು ಪಕ್ಕಕ್ಕಿಟ್ಟು ಮರೆಯುತ್ತಿದ್ದ. ಒಡಕು ಕೇಳಿಸಿದರೆ ಮತ್ತೆ ಕುಲುಮೆಗೆ ಹಾಕುತ್ತಿದ್ದ. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಸಿಕ್ಕುತ್ತಿತ್ತು. ಮೂವತ್ತು ವರ್ಷ ಅವನ ಕಿವಿ ಹುಡುಕಿದ್ದು ಬಿರುಕನ್ನೇ.

ಅವನಿಗೆ ಒಬ್ಬಳೇ ಮಗಳು. ಅವಳು ಆಸೆಪಟ್ಟು ವೀಣೆ ಕಲಿಯಲು ಹೋದಳು. ತಂದೆಗೆ ಹಿಗ್ಗು ಹಿಡಿಸಲಾರದಷ್ಟಾಯಿತು. ಸಂಗೀತ ಅವನಿಗೆ ಗೊತ್ತಿರಲಿಲ್ಲ, ಆದರೆ ಅಪಸ್ವರ ಅವನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಸಂಜೆ ಕೈಕಾಲು ತೊಳೆದು ಮಗಳ ಪಕ್ಕದಲ್ಲಿ ಕೂರುತ್ತಿದ್ದ, ಒಂದು ಕಂಚಿನ ತಟ್ಟೆಯನ್ನು ಬಳಿಯಲ್ಲಿಟ್ಟುಕೊಳ್ಳುತ್ತಿದ್ದ. ಅವಳ ಬೆರಳು ಜಾರಿದ ಕೂಡಲೇ ತಟ್ಟೆಯ ಅಂಚಿಗೆ ಗೆಣ್ಣಿನಿಂದ ಬಡಿಯುತ್ತಿದ್ದ. ಅವಳು ನಿಲ್ಲಿಸಿ ಆ ಸಾಲನ್ನು ಮತ್ತೆ ನುಡಿಸುತ್ತಿದ್ದಳು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಪಾಪ, ಇದಕ್ಕಿಂತ ಮೃದುವಾಗಿ ತಿದ್ದುವುದು ಹೇಗೆಂದು ಅವನಿಗೆ ಹೊಳೆಯಲೂ ಇಲ್ಲ.

ಒಂದು ವರ್ಷ ಕಳೆಯಿತು. ವೀಣೆಯ ಉಪಾಧ್ಯಾಯಿನಿ ಅವನನ್ನು ಕರೆಸಿದರು. ಹುಡುಗಿ ತಮ್ಮ ಮನೆಯಲ್ಲಿ ಒಂದು ಸಾಲು ನುಡಿಸಿ ನಿಂತುಬಿಡುತ್ತಾಳೆ, ಮುಂದಿನ ಸಾಲಿಗೆ ಕೈ ಏಳುವುದೇ ಇಲ್ಲ, ದೀಪಾವಳಿಯವರೆಗೆ ನೋಡೋಣ, ಆಮೇಲೆ ಪಾಠ ಬಿಡಿಸುವುದೇ ಒಳ್ಳೆಯದು ಎಂದರು. ಕಂಚುಗಾರ ತಾನು ಸಾಲುವಷ್ಟು ಕೂತಿಲ್ಲ ಎಂದುಕೊಂಡ. ಅಂದಿನಿಂದ ಬೆಳಗ್ಗೆಯೂ ಕೂತ, ಸಂಜೆಯೂ ಕೂತ. ಕುಲುಮೆಯ ಮುಂದೆ ಬೆಂದ ಮೈ, ವೀಣೆಯ ಮುಂದೆ ತೂಗುವ ತಲೆ. ಆದರೂ ಬೆರಳು ಮಾತ್ರ ಎಚ್ಚರವಾಗಿತ್ತು. ತಂದೆ ಮಗಳು ಇಬ್ಬರೂ ಊಟಕ್ಕೆ ಕೂತರೆ ಮಾತೇ ಇರುತ್ತಿರಲಿಲ್ಲ.

ಕಡೆಗೆ ಅವನು ಜ್ವರ ಬಂದು ಮಲಗಿದ. ಸಂಜೆ ಮಗಳು ಒಬ್ಬಳೇ ವೀಣೆ ತೆಗೆದಳು. ಒಂದು ಸಾಲು ನುಡಿಸಿ ನಿಂತಳು. ಮತ್ತೆ ಅದೇ ಸಾಲು ನುಡಿಸಿ ನಿಂತಳು. ಆಮೇಲೆ ಎದ್ದು ಹಾಸಿಗೆಯ ಬಳಿಗೆ ಬಂದಳು.

“ಅಪ್ಪ, ಸರಿಯಾಯಿತೇ?”

“ನೀನೇ ನುಡಿಸಿದೆಯಲ್ಲ ತಾಯಿ, ನಿನಗೆ ಕೇಳಿಸಲಿಲ್ಲವೇ?”

“ನಾನು ಕೇಳುವುದು ತಟ್ಟೆಯನ್ನು, ಅಪ್ಪ. ಅದು ಸುಮ್ಮನಿದ್ದರೆ ಮುಂದೆ ಹೋಗುತ್ತೇನೆ. ಅಲ್ಲಿ ಪಾಠದ ಮನೆಯಲ್ಲಿ ತಟ್ಟೆಯೇ ಇಲ್ಲ. ಇವತ್ತು ಇಲ್ಲೂ ಬಡಿಯುವವರಿಲ್ಲ.”

ಅವನು ಗೋಡೆಯ ಕಡೆಗೆ ಹೊರಳಿದ. ಜ್ವರಕ್ಕಿಂತ ಆ ಮಾತು ಅವನನ್ನು ಹೆಚ್ಚು ಸುಟ್ಟಿತು. ಬಿಸಿ ಆರದ ಪಾತ್ರೆಯನ್ನು ಅವನು ಎಂದೂ ಬಡಿದು ನೋಡಿದವನಲ್ಲ. ಅದು ಆರುವವರೆಗೆ ಎಷ್ಟು ಹೊತ್ತಾದರೂ ಕಾಯುತ್ತಿದ್ದ. ಮಗಳ ವಿಷಯದಲ್ಲಿ ಒಂದು ದಿನವೂ ಕಾಯಲಿಲ್ಲ ಎಂದು ಅವನಿಗೆ ಆಗ ತಿಳಿಯಿತು, ಕಣ್ಣಲ್ಲಿ ನೀರು ಬಂತು.

ಮರುದಿನ ಜ್ವರ ಬಿಟ್ಟಿತ್ತು, ನಿತ್ರಾಣ ಬಿಟ್ಟಿರಲಿಲ್ಲ. ಮಗಳ ವೀಣೆಯ ಹತ್ತಿರವೇ ಚಾಪೆ ಹಾಸಿಕೊಂಡು ಮಲಗಿದ. ತಟ್ಟೆಯನ್ನು ಅಡುಗೆಮನೆಗೆ ಕಳಿಸಿದ. ಅವಳು ಶುರುಮಾಡಿದಳು. ಎಂದಿನ ಜಾಗದಲ್ಲೇ ಬೆರಳು ಜಾರಿತು. ಅವನ ಕೈ ತಾನಾಗಿಯೇ ಮೇಲೆದ್ದಿತು. ಅದನ್ನು ಕಂಬಳಿಯೊಳಗೆ ಎಳೆದುಕೊಂಡು ಇನ್ನೊಂದು ಕೈಯಿಂದ ಹಿಡಿದುಕೊಂಡ.

ಅವಳು ನಿಂತಳು, ಕಾದಳು. ಯಾವ ಸದ್ದೂ ಬರಲಿಲ್ಲ. ಬಹಳ ಹೊತ್ತಾಯಿತು. ಆಮೇಲೆ ತಲೆ ಬಗ್ಗಿಸಿ, ಆ ಒಂದು ತಂತಿಯನ್ನು ಮೀಟಿ ಕಿವಿಗೊಟ್ಟಳು. ಅಲ್ಲ ಅನ್ನಿಸಿತು. ಬೆರಳನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟಿದಳು. ನಾಲ್ಕನೆಯ ಸಲಕ್ಕೆ ಸ್ವರ ಸಿಕ್ಕಿತು. ಅವಳು ಮುಂದಿನ ಸಾಲಿಗೆ ಹೋದಳು.

ಕಂಚುಗಾರ ಕಣ್ಣು ಮುಚ್ಚಿ ಕೇಳಿದ. ಮುಂದೆ ಎರಡು ಕಡೆ ತಪ್ಪಿತು, ತಪ್ಪಲಿ ಎಂದು ಬಿಟ್ಟ. ಒಂದು ವರ್ಷದಲ್ಲಿ ಮೊದಲ ಸಲ ಅವನ ಮೈಯ ದಣಿವು ಮೆಲ್ಲನೆ ಇಳಿಯಿತು. ವೀಣೆ ನಡೆಯುತ್ತಿದ್ದಂತೆಯೇ ಅವನಿಗೆ ನಿದ್ದೆ ಹತ್ತಿತು.

ಎಚ್ಚರವಾದಾಗ ಮಗಳು ವೀಣೆಗೆ ಗವುಸು ಹಾಕುತ್ತಿದ್ದಳು.

“ಎಷ್ಟು ತಪ್ಪಾಯಿತು, ಅಪ್ಪ?”

“ಗೊತ್ತಿಲ್ಲ ಮಗಳೇ. ಹಾಯೆನಿಸಿತು, ನಿದ್ದೆ ಬಂದುಬಿಟ್ಟಿತು.”

ಅವಳು ನಕ್ಕಳು. ವೀಣೆ ಕೈಯಲ್ಲಿದ್ದಾಗ ಅವಳು ನಕ್ಕು ವರ್ಷವಾಗಿತ್ತು. ನಗುತ್ತಲೇ ಗವುಸು ತೆಗೆದು ಮತ್ತೆ ನುಡಿಸಲು ಕೂತಳು. ದೀಪಾವಳಿ ಬಂತು, ಹೋಯಿತು, ಪಾಠ ನಡೆದೇ ಇತ್ತು.

ಗುರುಗಳು ಕತೆ ಮುಗಿಸಿದರು. ಗೌರಾಂಬ ತನ್ನ ಅಂಗೈಗಳನ್ನು ನೋಡಿಕೊಂಡಳು. “ಹಾಗಾದರೆ ನಾನು ನಾಳೆಯಿಂದ ತಾಳ ಹಾಕುವುದನ್ನು ಬಿಡಬೇಕೇ, ಗುರುಗಳೇ?”

ಗುರುಗಳು ಹೇಳಿದರು: “ನಿನ್ನ ಮಗ ಎಲ್ಲೆಲ್ಲಿ ತಪ್ಪುತ್ತಾನೆಂದು ಹೇಳಿದೆ ತಾಯಿ, ಹೇಗೆ ನುಡಿಸುತ್ತಾನೆಂದು ಹೇಳಲೇ ಇಲ್ಲವಲ್ಲ.”