ಖಾಲಿ ಬಿಟ್ಟ ಚೌಕಗಳು

ಒಂದು ವೃದ್ಧಾಶ್ರಮದಲ್ಲಿ ಮಾದೇವಮ್ಮ ಎಂಬ ಆಯಾ ಇದ್ದಳು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಅವಳ ಕೆಲಸ. ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಬದಲಿಸಿದಾಗಲೆಲ್ಲ ಮಂಚಕ್ಕೆ ಕಟ್ಟಿದ ಚಾರ್ಟಿನ ಚೌಕದಲ್ಲಿ ಗುರುತು ಹಾಕಬೇಕು. ಆದರೆ ಅಲ್ಲಿನ ರೂಢಿಯೇ ಬೇರೆ. ಆಯಾಗಳು ಬೆಳಿಗ್ಗೆ ಬಂದವರೇ ಇಡೀ ದಿನದ ಚೌಕಗಳಿಗೆ ಒಂದೇ ಉಸಿರಿಗೆ ಗುರುತು ಎಳೆದುಬಿಡುತ್ತಿದ್ದರು. ಚಾರ್ಟು ತುಂಬಿದ್ದರೆ ಮ್ಯಾನೇಜರ್ ಪರಮಶಿವಯ್ಯನವರಿಗೆ ಸಮಾಧಾನ.

ಹುಣ್ಣು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಬಂದಾಗಲೆಲ್ಲ ಅವರು 'ಗುಣಮಟ್ಟ ಸುಧಾರಣಾ ತರಬೇತಿ'ಯನ್ನು ಇನ್ನೊಂದು ಗಂಟೆ ಹೆಚ್ಚಿಸುತ್ತಿದ್ದರು. ಹೀಗೆ ಬೆಳೆದೂ ಬೆಳೆದೂ ಅದು ದಿನಾ ಮಧ್ಯಾಹ್ನ ಒಂದೂವರೆಯಿಂದ ಐದರವರೆಗೆ ಬಂದು ನಿಂತಿತ್ತು. ಪ್ರತಿಜ್ಞೆ, ಫೋಟೊ, ಉಪ್ಪಿಟ್ಟು, ಯಾವುದಕ್ಕೂ ಕೊರತೆಯಿರಲಿಲ್ಲ.

ಈ ಸಲ ಹುಣ್ಣಾದದ್ದು ಬೋರಮ್ಮಜ್ಜಿಗೆ. ಲಕ್ವ ಹೊಡೆದು ಮಾತು ನಿಂತಿದ್ದ ಜೀವ. ಹುಣ್ಣು ಮೂಳೆ ಮುಟ್ಟಿದರೆ ಅಜ್ಜಿ ಉಳಿಯುವುದಿಲ್ಲ ಎಂದು ನರ್ಸ್ ಹೇಳಿದಳು. ಅಂದಿನಿಂದ ಮಾದೇವಮ್ಮ ಮಗ್ಗುಲು ಬದಲಿಸಿದ ಮೇಲಷ್ಟೇ ಗುರುತು ಹಾಕಿದಳು. ಆಗದಿದ್ದದ್ದನ್ನು ಖಾಲಿ ಬಿಟ್ಟಳು.

ತಪಾಸಣೆಗೆ ಡಾಕ್ಟರು ಬರುವ ದಿನ ಚಾರ್ಟು ನೋಡಿ ಪರಮಶಿವಯ್ಯ ಕೆಂಡವಾದರು. ಈಗಲೇ ತುಂಬು, ಇಲ್ಲವಾದರೆ ಮನೆಗೆ ನಡಿ ಎಂದರು. ಅವಳ ಮನೆಯ ಒಲೆ ಉರಿಯುತ್ತಿದ್ದುದೇ ಆ ಕೆಲಸದಿಂದ. ಆದರೂ ಪೆನ್ನು ಮುಟ್ಟಲಿಲ್ಲ.

"ತೆಗೆಯೋದಾದ್ರೆ ತೆಗೀರಿ ಸಾರ್. ಅಜ್ಜಿ ಬೆನ್ನು ಕೊಳೀತಿರುವಾಗ ನಾನು ಸುಳ್ಳು ಗುರುತು ಹಾಕಲ್ಲ."

ಅಷ್ಟರಲ್ಲಿ ಡಾಕ್ಟರು ಬಂದು ಚಾರ್ಟು ತಿರುವಿದರು. ದಿನವೂ ಎರಡು ಗಂಟೆಯ ಚೌಕ ಖಾಲಿ, ನಾಲ್ಕು ಗಂಟೆಯದೂ ಖಾಲಿ. ಆ ಹೊತ್ತಿನಲ್ಲಿ ಎಲ್ಲಿರುತ್ತೀಯಮ್ಮ ಎಂದು ಕೇಳಿದರು.

"ನಾವೆಲ್ಲ ಕೆಳಗೆ ಹಾಲ್‌ನಲ್ಲಿ ಕೂತಿರ್ತೀವಿ ಸಾರ್. ಹುಣ್ಣಾಗದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ ಪಾಠ ಕೇಳ್ತಾ."

ಎರಡು ಗಂಟೆಯಾಗಿತ್ತು. ತರಬೇತಿ ಆಗಲೇ ಶುರುವಾಗಿದೆ, ಬನ್ನಿ ಎಂದು ಕೆಳಗಿನಿಂದ ಕೂಗಿದರು. ಮಾದೇವಮ್ಮ ಕದಲಲಿಲ್ಲ. ಅಜ್ಜಿಯ ಭುಜಕ್ಕೆ ಕೈ ಕೊಟ್ಟು, "ಆ ಕಡೆ ಹಿಡೀರಿ ಸಾರ್" ಎಂದು ಮ್ಯಾನೇಜರಿಗೇ ಹೇಳಿದಳು. ಡಾಕ್ಟರ ಎದುರು ಒಲ್ಲೆ ಎನ್ನಲಾಗದೆ ಪರಮಶಿವಯ್ಯ ಹಿಡಿದರು. ಇಷ್ಟು ವರ್ಷ ಹುಣ್ಣಿನ ಬಗ್ಗೆ ಭಾಷಣ ಮಾಡಿಸಿದವರ ಮೂಗಿಗೆ ಅದರ ವಾಸನೆ ಬಡಿದದ್ದು ಅದೇ ಮೊದಲು.

ಮರುದಿನದಿಂದ ಹಾಲ್‌ಗೆ ಬೀಗ ಬಿತ್ತು. ಆಯಾಗಳು ಮಂಚದ ಬಳಿ ಉಳಿದರು. ಅಜ್ಜಿಯ ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಆದರೆ ಮಾಯಿತು.

ನೀತಿ: ತುಂಬಿದ ಕಾಗದ ನೋವನ್ನು ಮುಚ್ಚಬಹುದು, ವಾಸಿ ಮಾಡಲಾರದು. ಮಾಡದ್ದನ್ನು ಮಾಡಿಲ್ಲ ಎಂದು ಹೇಳುವ ಧೈರ್ಯದಿಂದಲೇ ಸುಧಾರಣೆ ಶುರುವಾಗುತ್ತದೆ.